ಮುಂದಿನ ಬ್ರೇಕ್ ಎಷ್ಟು ಬ್ಲೀಡ್ ಮಾಡಿದರೂ ಲಿವರ್ ಮೆತ್ತಗೇ ಇದೆ, ಏರ್ ಎಲ್ಲಿ ಕೂತಿರಬಹುದು?

ಎರಡುಗಾಲಿ:
ಬೈಕಿನ ಮುಂದಿನ ಬ್ರೇಕ್ ಹೋಸ್ ಬಿರುಕು ಬಿಟ್ಟಿತ್ತು, ಹೊಸದು ಹಾಕಿದೆ. ಒಂದೇ ಡಿಸ್ಕ್, ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲ. ಎರಡೂ ತುದಿಗೆ ಹೊಸ ತಾಮ್ರದ ವಾಷರ್ ಇದೆ, ಎಲ್ಲೂ ಸೋರುತ್ತಿಲ್ಲ. ಹೊಸ ಡಾಟ್ 4 ಬ್ರೇಕ್ ಫ್ಲೂಯಿಡ್ ತುಂಬಿ, ಒಳಗಿನ ಗಾಳಿ ತೆಗೆಯಲು ಎಲ್ಲರೂ ಹೇಳುವ ಹಾಗೇ ಬ್ಲೀಡ್ ಮಾಡಿದೆ. ಲಿವರ್ ಒತ್ತಿ ಹಿಡಿಯುವುದು, ಚಕ್ರದ ಹತ್ತಿರದ ನಿಪ್ಪಲ್ (ಗಾಳಿ, ಫ್ಲೂಯಿಡ್ ಹೊರಗೆ ಬಿಡುವ ಟೊಳ್ಳು ಸ್ಕ್ರೂ) ಸಡಿಲಿಸುವುದು, ಮತ್ತೆ ಬಿಗಿ ಮಾಡುವುದು, ಆಮೇಲೆ ಲಿವರ್ ಬಿಡುವುದು. ಮೊದಲು ಗುಳ್ಳೆ ರಾಶಿ ರಾಶಿ ಬಂತು, ಆಮೇಲೆ ನಿಂತಿತು. ಈಗ ಪೈಪಿನಲ್ಲಿ ಬರುವುದು ಬರೀ ತಿಳಿ ಫ್ಲೂಯಿಡ್. ಆದರೂ ಲಿವರ್ ಒತ್ತಿದರೆ ಗ್ರಿಪ್‌ಗೆ ತಾಗುವಷ್ಟು ಹತ್ತಿರ ಬರುತ್ತದೆ. ಬೇಗ ಬೇಗ ನಾಲ್ಕಾರು ಸಲ ಪಂಪ್ ಮಾಡಿದರೆ ಗಟ್ಟಿಯಾಗುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಮೆತ್ತಗೆ. ಒಂದು ಬಾಟಲಿ ಪೂರ್ತಿ ಖಾಲಿಯಾಗಿದೆ. ಮಾಸ್ಟರ್ ಸಿಲಿಂಡರ್ (ಲಿವರ್ ಪಕ್ಕದಲ್ಲಿ ಫ್ಲೂಯಿಡನ್ನು ಒತ್ತುವ ಭಾಗ) ಹೋಗಿದೆ ಅಂತ ಒಬ್ಬರು ಹೇಳುತ್ತಾರೆ, ಏರ್ ಅಂತ ಇನ್ನೊಬ್ಬರು ಹೇಳುತ್ತಾರೆ. ಏರ್ ಇದ್ದರೆ ಗುಳ್ಳೆ ಬರಬೇಕಿತ್ತು ಅಲ್ವಾ?

ಗ್ರೀಸ್ ಕೈ:
ಇನ್ನೊಂದು ಬಾಟಲಿ ತೆಗೆದುಕೊಂಡು ಇನ್ನಷ್ಟು ಪಂಪ್ ಮಾಡಿ. ಬರುತ್ತದೆ.

ಸ್ಪ್ಯಾನರ್ ಪ್ರಿಯ:
ಇನ್ನೂ ಹತ್ತು ಬಾಟಲಿ ಸುರಿದರೂ ಬರದೇ ಇರಬಹುದು. ಗುಳ್ಳೆ ಇರುವ ಜಾಗ ಒಂದು, ನೀವು ಬಾಗಿಲು ತೆರೆದಿರುವ ಜಾಗ ಇನ್ನೊಂದು.

ಮೊದಲು ಮಾಸ್ಟರ್ ಸಿಲಿಂಡರ್ ಅನುಮಾನ ತೀರಿಸಿಕೊಳ್ಳಿ. ಪಂಪ್ ಮಾಡಿ ಲಿವರ್ ಗಟ್ಟಿಯಾದ ಮೇಲೆ ಹಾಗೇ ಜೋರಾಗಿ ಒತ್ತಿ ಹಿಡಿದುಕೊಂಡು ನಿಲ್ಲಿ. ಲಿವರ್ ನಿಧಾನವಾಗಿ ಗ್ರಿಪ್ ಕಡೆ ಇಳಿಯುತ್ತಾ ಹೋದರೆ ಒಳಗಿನ ಸೀಲ್ ಫ್ಲೂಯಿಡನ್ನು ಹಿಂದಕ್ಕೆ ಬಿಡುತ್ತಿದೆ, ಅಥವಾ ಎಲ್ಲೋ ಸೋರುತ್ತಿದೆ. ಇದ್ದಲ್ಲೇ ನಿಂತರೆ ಸೀಲ್ ಸರಿಯಿದೆ. ನೀವು ಹೇಳಿದ ಲಕ್ಷಣ ಏರ್‌ನದ್ದೇ. ಫ್ಲೂಯಿಡ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಲಿವರಿನ ಅರ್ಧ ಓಟ ಗಾಳಿಯನ್ನು ಕುಗ್ಗಿಸುವುದಕ್ಕೇ ಹೋಗುತ್ತಿದೆ. ಬೇಗ ಬೇಗ ಪಂಪ್ ಮಾಡಿದಾಗ ಮಾಸ್ಟರ್ ಸಿಲಿಂಡರ್ ಮೇಲಿನ ಫ್ಲೂಯಿಡ್ ಡಬ್ಬಿಯಿಂದ ಇನ್ನಷ್ಟು ಫ್ಲೂಯಿಡ್ ಕೆಳಗೆ ಹೋಗಿ ಆ ಗಾಳಿಯನ್ನು ಹಿಂಡಿಬಿಡುತ್ತದೆ, ಅದಕ್ಕೇ ಗಟ್ಟಿ ಅನ್ನಿಸುತ್ತದೆ. ಬಿಟ್ಟ ಮೇಲೆ ಫ್ಲೂಯಿಡ್ ವಾಪಸ್ ಡಬ್ಬಿಗೆ ಹೋಗುತ್ತದೆ, ಗಾಳಿ ಮತ್ತೆ ಹಿಗ್ಗುತ್ತದೆ.

ಈಗ ಗಾಳಿ ಎಲ್ಲಿದೆ ಅನ್ನುವ ಪ್ರಶ್ನೆ. ಗಾಳಿಗೆ ಗೊತ್ತಿರುವುದು ಒಂದೇ ದಾರಿ, ಮೇಲೆ. ನಾವು ಬ್ಲೀಡ್ ಮಾಡುವಾಗ ಅದನ್ನು ಕೆಳಗೆ ಎಳೆಯುತ್ತಿದ್ದೇವೆ. ಹೋಸ್ ಬದಲಾಯಿಸಿದಾಗ ಇಡೀ ಲೈನ್ ಖಾಲಿಯಾಗಿರುತ್ತದೆ. ದೊಡ್ಡ ಗುಳ್ಳೆಗಳು ಫ್ಲೂಯಿಡ್ ಜೊತೆ ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಭಾಗ) ಕಡೆ ಹೋಗಿ ನಿಪ್ಪಲ್‌ನಿಂದ ಹೊರಗೆ ಬಂದವು. ಉಳಿದದ್ದು ಎರಡು ಸ್ಟ್ರೋಕ್ ನಡುವೆ ಮತ್ತೆ ಮೇಲೆ ಹತ್ತಿ ಮಾಸ್ಟರ್ ಸಿಲಿಂಡರ್ ಹತ್ತಿರದ ಬ್ಯಾಂಜೊ ಬೋಲ್ಟ್‌ನಲ್ಲಿ (ಹೋಸನ್ನು ಬಿಗಿದಿರುವ ಟೊಳ್ಳು ಬೋಲ್ಟ್) ಕೂತಿರುತ್ತದೆ. ಹ್ಯಾಂಡಲ್ ಹೊರಗಡೆಗೆ ಇಳಿಜಾರಾಗಿರುವ ಗಾಡಿಗಳಲ್ಲಿ ಆ ಬೋಲ್ಟೇ ಇಡೀ ಲೈನಿನ ಅತಿ ಎತ್ತರದ ಜಾಗ. ಒಂದು ಸ್ಟ್ರೋಕಿಗೆ ಹೋಗುವ ಫ್ಲೂಯಿಡ್ ತೀರಾ ಸ್ವಲ್ಪ. ಅಷ್ಟರಿಂದ ಆ ಗುಳ್ಳೆ ಅಲ್ಲಾಡುವುದಿಲ್ಲ. ನೀವು ಕೆಳಗೆ ತಿಳಿ ಫ್ಲೂಯಿಡ್ ನೋಡುತ್ತಾ ಕೂರುತ್ತೀರಿ.

ಎರಡುಗಾಲಿ:
ಒತ್ತಿ ಹಿಡಿದು ನೋಡಿದೆ. ಇಳಿಯುವುದಿಲ್ಲ, ಇದ್ದಲ್ಲೇ ನಿಲ್ಲುತ್ತದೆ. ಹಾಗಾದರೆ ಮೇಲಿನ ಗಾಳಿಯನ್ನು ತೆಗೆಯುವುದು ಹೇಗೆ? ನನ್ನ ಮಾಸ್ಟರ್ ಸಿಲಿಂಡರ್ ಮೇಲೆ ನಿಪ್ಪಲ್ ಇಲ್ಲ.

ಸ್ಪ್ಯಾನರ್ ಪ್ರಿಯ:
ಕೆಲವು ಗಾಡಿಗಳಲ್ಲಿ ಮಾತ್ರ ಮೇಲೂ ನಿಪ್ಪಲ್ ಕೊಟ್ಟಿರುತ್ತಾರೆ. ಇಲ್ಲದಿದ್ದರೂ ನಡೆಯುತ್ತದೆ, ಎರಡು ದಾರಿ ಇದೆ. ಸುಲಭದ್ದು ಮೊದಲು.

ಗಾಡಿಯನ್ನು ಸೈಡ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಎಡಕ್ಕೆ ವಾಲಿದಾಗ ಬಲಗಡೆ ಹ್ಯಾಂಡಲ್ ಮೇಲೇಳುತ್ತದೆ, ಬ್ಯಾಂಜೊ ಇರುವ ಒಳ ತುದಿ ಸ್ವಲ್ಪ ತಗ್ಗುತ್ತದೆ, ಗುಳ್ಳೆಗೆ ಡಬ್ಬಿ ಕಡೆ ಹೋಗಲು ದಾರಿ ಸಿಗುತ್ತದೆ. ಹ್ಯಾಂಡಲ್ ಅತ್ತಿತ್ತ ತಿರುಗಿಸಿ ಮಾಸ್ಟರ್ ಸಿಲಿಂಡರ್ ಮಟ್ಟವಾಗಿರುವ, ಅಥವಾ ಲಿವರ್ ಕಡೆಯ ತುದಿ ತುಸು ಎತ್ತರವಿರುವ ಸ್ಥಿತಿ ಹುಡುಕಿ. ಸಾಲದಿದ್ದರೆ ಮಾಸ್ಟರ್ ಸಿಲಿಂಡರಿನ ಕ್ಲಾಂಪ್ ಬಿಚ್ಚಿ, ಹೋಸ್ ಬಿಚ್ಚದೆ ಕೈಯಲ್ಲೇ ಹಿಡಿದು ಬೇಕಾದ ಹಾಗೆ ವಾಲಿಸಬಹುದು. ಆದರೆ ವಾಲಿಸುವಾಗ ಡಬ್ಬಿಯ ಮುಚ್ಚಳ ಹಾಕಿರಲಿ.

ಈಗ ಲಿವರನ್ನು ಪೂರ್ತಿ ಒತ್ತಬೇಡಿ. ಬರೀ ಮೊದಲ ಕೆಲವು ಮಿ.ಮೀ. ಮಾತ್ರ, ಬೆರಳ ತುದಿಯಿಂದ ಚಕಚಕ ಅಲ್ಲಾಡಿಸಿ. ಡಬ್ಬಿಯ ತಳದಲ್ಲಿ ಎರಡು ತೂತು ಇರುತ್ತವೆ, ಒಂದು ದೊಡ್ಡದು, ಒಂದು ಸೂಜಿ ಮೊನೆಯಷ್ಟು ಸಣ್ಣದು. ಲಿವರ್ ಬಿಟ್ಟಾಗ ಮಾತ್ರ ಆ ಸಣ್ಣ ತೂತು ತೆರೆದಿರುತ್ತದೆ. ಪಿಸ್ಟನ್ ಒಂಚೂರು ಮುಂದೆ ಹೋದ ಕೂಡಲೇ ಮುಚ್ಚಿಕೊಳ್ಳುತ್ತದೆ. ಮೇಲಿನ ಗಾಳಿ ಹೊರಗೆ ಬರಬೇಕಾದ ಬಾಗಿಲು ಅದೇ. ಪೂರ್ತಿ ಒತ್ತಿ ಪೂರ್ತಿ ಬಿಡುತ್ತಿದ್ದರೆ ಆ ಬಾಗಿಲು ಹೆಚ್ಚು ಹೊತ್ತು ಮುಚ್ಚೇ ಇರುತ್ತದೆ. ಸಣ್ಣದಾಗಿ ಅಲ್ಲಾಡಿಸಿ ಬಿಟ್ಟು ನೋಡಿ, ಡಬ್ಬಿಯ ತಳದಿಂದ ಸಾಸಿವೆಗಿಂತ ಸಣ್ಣ ಗುಳ್ಳೆ ಏಳುತ್ತವೆ. ಏಳುವುದು ನಿಲ್ಲುವ ತನಕ ಬಿಡಬೇಡಿ. ಮಧ್ಯೆ ಮಧ್ಯೆ ಹೋಸ್ ಮೇಲೆ, ಬ್ಯಾಂಜೊ ಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ. ಗೋಡೆಗೆ ಅಂಟಿದ ಗುಳ್ಳೆ ಬಿಟ್ಟುಕೊಳ್ಳುತ್ತದೆ.

ಎರಡನೇ ದಾರಿ ಬ್ಯಾಂಜೊ ಬೋಲ್ಟನ್ನೇ ನಿಪ್ಪಲ್ ಮಾಡಿಕೊಳ್ಳುವುದು. ಸುತ್ತ ದಪ್ಪ ಬಟ್ಟೆ ಸುತ್ತಿ, ಟ್ಯಾಂಕ್ ಮೇಲೆ ಇನ್ನೊಂದು ಬಟ್ಟೆ ಹಾಸಿ. ಲಿವರ್ ಹದವಾಗಿ ಒತ್ತಿ ಹಿಡಿದು ಬೋಲ್ಟನ್ನು ಸ್ವಲ್ಪವೇ ಸಡಿಲಿಸಿ. ಸುಯ್ ಅಂತ ನೊರೆ ಬರುತ್ತದೆ. ಲಿವರ್ ಬಿಡುವ ಮೊದಲೇ ಬಿಗಿ ಮಾಡಿ, ಇಲ್ಲದಿದ್ದರೆ ಬಂದ ಗಾಳಿಯೇ ಒಳಗೆ ಹೋಗುತ್ತದೆ. ಕೆಲಸ ಮುಗಿದ ಮೇಲೆ ಮ್ಯಾನುಯಲ್‌ನಲ್ಲಿರುವ ಟಾರ್ಕ್‌ಗೆ ಬಿಗಿ ಮಾಡಿ, ವಾಷರ್ ಒಸರುತ್ತದೆಯೇ ನೋಡಿ. ಒಸರಿದರೆ ಬಿಗಿ ಮೇಲೆ ಬಿಗಿ ಮಾಡಬೇಡಿ, ವಾಷರ್ ಬದಲಾಯಿಸಿ.

ಹಳೇಗಾಡಿ:
ಇಷ್ಟೆಲ್ಲ ಯಾಕೆ. ರಾತ್ರಿ ಲಿವರನ್ನು ಗ್ರಿಪ್‌ಗೆ ಎಳೆದು ರಬ್ಬರ್ ಬ್ಯಾಂಡಿನಿಂದ ಕಟ್ಟಿ ಮಲಗಿ. ಬೆಳಗ್ಗೆ ಎದ್ದು ನೋಡಿ, ಕಲ್ಲಿನ ಹಾಗೆ ಗಟ್ಟಿ ಇರುತ್ತದೆ.

ಡಿಸ್ಕ್ ಪ್ಲೇಟ್:
ಈ ಕಟ್ಟುವ ಉಪಾಯ ಎಲ್ಲ ಕಡೆ ಓದಿದ್ದೇನೆ, ಆದರೆ ಒಂದು ಅರ್ಥವಾಗುವುದಿಲ್ಲ. ಸ್ಪ್ಯಾನರ್ ಪ್ರಿಯ ಈಗ ತಾನೇ ಹೇಳಿದರು, ಲಿವರ್ ಒತ್ತಿದಾಗ ಆ ಸಣ್ಣ ತೂತು ಮುಚ್ಚಿರುತ್ತದೆ ಅಂತ. ಹಾಗಿದ್ದರೆ ರಾತ್ರಿಯೆಲ್ಲ ಒತ್ತಿ ಕಟ್ಟಿದರೆ ಗಾಳಿ ಹೊರಗೆ ಹೋಗುವುದು ಹೇಗೆ? ಬಾಗಿಲು ಹಾಕಿ ಹೊರಗೆ ಹೋಗು ಅಂದ ಹಾಗಾಯಿತು.

ಹಳೇಗಾಡಿ:
ಹೇಗೆ ಅಂತ ನನಗೆ ಬೇಡ. ಆಗುತ್ತದೆ, ಅಷ್ಟೇ.

ಮಳೆ ಸವಾರ:
ಇಬ್ಬರೂ ಸರಿ ಅನ್ನಬಹುದು. ರಾತ್ರಿ ಗಾಳಿ ಹೊರಗೆ ಹೋಗುವುದಿಲ್ಲ, ಅದು ನಿಜ. ಒತ್ತಡದಲ್ಲಿ ಗುಳ್ಳೆ ಕುಗ್ಗುತ್ತದೆ, ಕುಗ್ಗಿದ ಗುಳ್ಳೆ ಸಣ್ಣ ಸಂದುಗಳಿಂದ ಬಿಡಿಸಿಕೊಂಡು ನಿಧಾನವಾಗಿ ಮೇಲೆ ಬಂದು ಮಾಸ್ಟರ್ ಸಿಲಿಂಡರ್ ಹತ್ತಿರ ಸೇರುತ್ತದೆ. ಬೆಳಗ್ಗೆ ಲಿವರ್ ಬಿಟ್ಟ ಕ್ಷಣ ಸಣ್ಣ ತೂತು ತೆರೆದು ಡಬ್ಬಿಗೆ ಬರುತ್ತದೆ. ಹಾಗಾಗಿ ಬಿಟ್ಟ ಮೇಲೆ ಆ ಬೆರಳ ತುದಿಯ ಅಲ್ಲಾಡಿಸುವಿಕೆ ಮಾಡಿದರೆ ಪೂರ್ತಿ ಲಾಭ. ಆದರೆ ಒಂದಷ್ಟು ಗಾಳಿ ಒತ್ತಡಕ್ಕೆ ಫ್ಲೂಯಿಡ್‌ನಲ್ಲೇ ಕರಗಿಯೂ ಹೋಗುತ್ತದೆ. ಬೆಳಗ್ಗೆ ಗಟ್ಟಿ, ಸಂಜೆ ಮತ್ತೆ ಮೆತ್ತಗೆ ಅನ್ನುವವರ ಕಥೆ ಬಹುಶಃ ಇದೇ. ಕೊನೆಯ ಚೂರುಪಾರು ಗಾಳಿ ತೆಗೆಯಲು ಕಟ್ಟುವುದು ಒಳ್ಳೆಯದು, ಬ್ಲೀಡ್ ಮಾಡುವುದರ ಬದಲಿಗೆ ಅಲ್ಲ.

ಇನ್ನೊಂದು ಉಪಯೋಗ ಯಾರೂ ಹೇಳುವುದಿಲ್ಲ. ರಾತ್ರಿಯೆಲ್ಲ ಒತ್ತಡದಲ್ಲಿ ಇಟ್ಟರೆ ಎಲ್ಲಿ ಸೋರುತ್ತದೋ ಅಲ್ಲಿ ಬೆಳಗ್ಗೆ ಒದ್ದೆ ಕಾಣುತ್ತದೆ. ಹೊಸ ಹೋಸ್ ಹಾಕಿದವರು ಅದಕ್ಕಾದರೂ ಒಮ್ಮೆ ಕಟ್ಟಿ ನೋಡಬೇಕು.

ಗ್ರೀಸ್ ಕೈ:
ನಾನು ಕೈಯಲ್ಲಿ ಎಳೆಯುವ ವ್ಯಾಕ್ಯೂಮ್ ಪಂಪ್ ಬಳಸುತ್ತೇನೆ. ನನಗೆ ಉಲ್ಟಾ ಸಮಸ್ಯೆ. ಎಷ್ಟು ಎಳೆದರೂ ಪೈಪಿನಲ್ಲಿ ಗುಳ್ಳೆ ನಿಲ್ಲುವುದೇ ಇಲ್ಲ. ಲಿವರ್ ಮಾತ್ರ ಗಟ್ಟಿ ಇದೆ.

ಡಿಸ್ಕ್ ಪ್ಲೇಟ್:
ಅದು ಬ್ರೇಕ್ ಒಳಗಿನ ಗಾಳಿ ಅಲ್ಲ. ನಿಪ್ಪಲ್ ಸಡಿಲಿಸಿದಾಗ ಅದರ ಥ್ರೆಡ್ ಸಂದಿನಿಂದ ಹೊರಗಿನ ಗಾಳಿ ಬರುತ್ತದೆ. ಪಂಪ್ ಅದನ್ನೂ ಎಳೆಯುತ್ತದೆ. ಪೈಪಿನ ಬುಡದಲ್ಲೇ ಗುಳ್ಳೆ ಹುಟ್ಟುತ್ತಿದೆಯಾ ನೋಡಿ. ಥ್ರೆಡ್‌ಗೆ ಟೆಫ್ಲಾನ್ ಟೇಪ್ ಒಂದು ಸುತ್ತು ಸುತ್ತಿದರೆ ಕಡಿಮೆಯಾಗುತ್ತದೆ, ಆದರೆ ಟೇಪ್ ನಿಪ್ಪಲಿನ ಮೊನೆಗೂ ಪಕ್ಕದ ತೂತಿಗೂ ತಾಗಬಾರದು. ಸೋರಿಕೆ ತಡೆಯುವುದು ಆ ಮೊನೆ, ಥ್ರೆಡ್ ಅಲ್ಲ. ವ್ಯಾಕ್ಯೂಮ್ ಬಳಸುವವರು ಪೈಪ್ ನೋಡಿ ತೀರ್ಮಾನ ಮಾಡಬಾರದು. ಲಿವರ್ ಏನು ಹೇಳುತ್ತದೆ ಅದೇ ಲೆಕ್ಕ.

ಮಳೆ ಸವಾರ:
ಒಬ್ಬರೇ ಕೆಲಸ ಮಾಡುವವರಿಗೆ ಸಿರಿಂಜ್ ನನ್ನ ಆಯ್ಕೆ. ಕೆಳಗಿನಿಂದ ಮೇಲೆ ತುಂಬುವುದು. ಗಾಳಿ ಹೋಗಬೇಕಾದ ದಿಕ್ಕಿಗೇ ಫ್ಲೂಯಿಡ್ ಹೋಗುತ್ತದೆ, ಜಗಳವೇ ಇಲ್ಲ. ದೊಡ್ಡ ಸಿರಿಂಜ್, ನಿಪ್ಪಲ್‌ಗೆ ಬಿಗಿಯಾಗಿ ಕೂರುವ ತೆಳು ಪಾರದರ್ಶಕ ಪೈಪ್. ಸಿರಿಂಜ್‌ನಲ್ಲೂ ಪೈಪಿನಲ್ಲೂ ಒಂದು ಗುಳ್ಳೆಯೂ ಇಲ್ಲದ ಹಾಗೆ ತುಂಬಿ ನಿಪ್ಪಲ್‌ಗೆ ಸಿಕ್ಕಿಸಿ. ಡಬ್ಬಿಯಲ್ಲಿರುವ ಫ್ಲೂಯಿಡನ್ನು ಮೊದಲೇ ಅರ್ಧಕ್ಕಿಂತ ಜಾಸ್ತಿ ತೆಗೆದಿಡಿ, ಇಲ್ಲದಿದ್ದರೆ ಉಕ್ಕಿ ಟ್ಯಾಂಕ್ ಮೇಲೆ ಬೀಳುತ್ತದೆ. ನಿಪ್ಪಲ್ ಸಡಿಲಿಸಿ ನಿಧಾನವಾಗಿ ತಳ್ಳಿ. ಲಿವರ್ ಮುಟ್ಟಬೇಡಿ, ಸಣ್ಣ ತೂತು ತೆರೆದಿರಬೇಕು.

ಒಂದು ಎಚ್ಚರಿಕೆ. ಹಳೆಯ ಫ್ಲೂಯಿಡ್ ಇರುವ ಗಾಡಿಯಲ್ಲಿ ನೇರವಾಗಿ ಇದನ್ನು ಮಾಡಬೇಡಿ. ಕ್ಯಾಲಿಪರ್ ತಳದಲ್ಲಿ ಕೊಳೆ ಕೂತಿರುತ್ತದೆ. ಅದನ್ನು ಮೇಲೆ ತಳ್ಳಿದರೆ ಆ ಸೂಜಿ ಮೊನೆ ತೂತಿಗೇ ಹೋಗಿ ಕೂರುತ್ತದೆ. ತೂತು ಮುಚ್ಚಿದರೆ ಬ್ರೇಕ್ ಬಿಡುವುದಿಲ್ಲ, ಓಡಿಸಿದ ಹಾಗೆ ಬಿಸಿಯಾಗಿ ಇನ್ನಷ್ಟು ಹಿಡಿಯುತ್ತದೆ. ಮೊದಲು ಮೇಲಿನಿಂದ ಕೆಳಗೆ ಹೊಸ ಫ್ಲೂಯಿಡ್ ಬರುವ ತನಕ ತೊಳೆದು, ಆಮೇಲೆ ಕೆಳಗಿನಿಂದ.

ಸ್ಪ್ಯಾನರ್ ಪ್ರಿಯ:
ಇದಕ್ಕೆ ನನ್ನ ಒಪ್ಪಿಗೆ ಇದೆ. ಪಂಪ್ ಮಾಡುವವರಿಗೆ ಇನ್ನೊಂದು ಮಾತು ಸೇರಿಸುತ್ತೇನೆ. ಹಳೆಯ ಗಾಡಿಯ ಲಿವರನ್ನು ಬ್ಲೀಡ್ ಮಾಡುವಾಗ ಗ್ರಿಪ್ ತನಕ ಪೂರ್ತಿ ಒತ್ತಬೇಡಿ. ದಿನಾ ಓಡಿಸುವಾಗ ಪಿಸ್ಟನ್ ಸಿಲಿಂಡರಿನ ಅರ್ಧ ಭಾಗದಲ್ಲಿ ಮಾತ್ರ ಓಡಾಡಿರುತ್ತದೆ, ಆಚೆ ಕಡೆ ಕೊಳೆ, ಕಿಲುಬು ಸೇರಿರುತ್ತದೆ. ನಿಪ್ಪಲ್ ತೆರೆದಾಗ ಲಿವರ್ ತಡೆಯಿಲ್ಲದೆ ಪೂರ್ತಿ ಹೋಗಿ ಸೀಲ್ ಆ ಒರಟು ಜಾಗಕ್ಕೆ ಉಜ್ಜುತ್ತದೆ. ಸರಿ ಇದ್ದ ಮಾಸ್ಟರ್ ಸಿಲಿಂಡರ್ ಬ್ಲೀಡ್ ಮಾಡಿದ ಮರುದಿನ ಸೋರಿತು ಅಂತ ಎಷ್ಟೋ ಜನ ಹೇಳುತ್ತಾರೆ. ಗ್ರಿಪ್‌ಗೂ ಲಿವರ್‌ಗೂ ನಡುವೆ ಒಂದು ಮರದ ತುಂಡು ಇಟ್ಟುಕೊಳ್ಳಿ, ಸಾಕು.

ಚೈನ್ ಲೂಬ್:
ಫ್ಲೂಯಿಡ್ ವಿಷಯ ಒಂದು ಕೇಳಲೇ? ಮುಚ್ಚಳದ ಮೇಲೆ ಡಾಟ್ 4 ಅಂತಿದೆ. ಡಾಟ್ 5 ಇನ್ನೂ ಒಳ್ಳೆಯದಲ್ವಾ, ನಂಬರ್ ಜಾಸ್ತಿ ಇದೆ?

ಡಿಸ್ಕ್ ಪ್ಲೇಟ್:
ಈ ನಂಬರಿನಲ್ಲೇ ತುಂಬಾ ಜನ ಬೀಳುತ್ತಾರೆ. ಡಾಟ್ 3, 4, 5.1 ಮೂರೂ ಗ್ಲೈಕಾಲ್ ಜಾತಿಯವು. ಡಾಟ್ 5 ಸಿಲಿಕೋನ್, ಜಾತಿಯೇ ಬೇರೆ, ಇವುಗಳ ಜೊತೆ ಬೆರೆಯುವುದಿಲ್ಲ. ಡಾಟ್ 4 ಇರುವ ಗಾಡಿಗೆ ಅದನ್ನು ಹಾಕಬೇಡಿ. ಸಿಲಿಕೋನ್ ಫ್ಲೂಯಿಡ್ ಗಾಳಿಯನ್ನು ಹೆಚ್ಚು ಹಿಡಿದುಕೊಳ್ಳುತ್ತದೆ, ಎಬಿಎಸ್ ಗಾಡಿಗಳಿಗೆ ಹೊಂದುವುದೂ ಇಲ್ಲ. 5.1 ಹಾಕಿದರೆ ತೊಂದರೆಯಿಲ್ಲ, ಅದು 4ರ ಜೊತೆ ಬೆರೆಯುತ್ತದೆ.

ಕುದಿಯುವ ಲೆಕ್ಕ ಹೀಗಿದೆ. ಡಾಟ್ 3 ಅನ್ನಿಸಿಕೊಳ್ಳಲು ಹೊಸ ಫ್ಲೂಯಿಡ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ಡಾಟ್ 4ಕ್ಕೆ 230, 5.1ಕ್ಕೆ 260. ಆದರೆ ಗ್ಲೈಕಾಲ್ ನೀರನ್ನು ಹೀರುತ್ತದೆ. ಹೋಸ್ ಮೂಲಕ, ಸೀಲ್ ಮೂಲಕ ತೇವ ನಿಧಾನವಾಗಿ ಸೇರುತ್ತದೆ. 3.7 ಶೇಕಡಾ ನೀರು ಸೇರಿದಾಗ ಎಷ್ಟಕ್ಕೆ ಕುದಿಯುತ್ತದೆ ಅನ್ನುವುದಕ್ಕೂ ಮಿತಿ ಇದೆ. ಡಾಟ್ 3 ಆದರೆ 140, ಡಾಟ್ 4 ಆದರೆ 155, 5.1 ಆದರೆ 180. ಘಟ್ಟ ಇಳಿಯುವಾಗ ಬ್ರೇಕ್ ಹಿಡಿದೇ ಇಳಿದರೆ ಕ್ಯಾಲಿಪರ್ ಒಳಗಿನ ಹಳೆಯ ಫ್ಲೂಯಿಡ್ ಕುದಿದು ಆವಿಯಾಗುತ್ತದೆ. ಆವಿಯೂ ಗಾಳಿಯ ಹಾಗೇ ಕುಗ್ಗುತ್ತದೆ, ಲಿವರ್ ಒಮ್ಮೆಲೇ ಗ್ರಿಪ್‌ಗೆ ತಾಗುತ್ತದೆ. ಕೆಳಗೆ ಬಂದು ತಣ್ಣಗಾದ ಮೇಲೆ ಏನೂ ಆಗಿಲ್ಲ ಅನ್ನುವ ಹಾಗೆ ಗಟ್ಟಿ. ಅದಕ್ಕೇ ಹೆಚ್ಚಿನ ಮ್ಯಾನುಯಲ್‌ಗಳಲ್ಲಿ 2 ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ಇರುತ್ತದೆ, ಎಷ್ಟು ಕಡಿಮೆ ಓಡಿಸಿದರೂ. ಬಣ್ಣ ಕಪ್ಪಾಗಿದ್ದರೆ ಖಂಡಿತ ತೆಗೆಯಿರಿ, ಆದರೆ ಬಣ್ಣ ತಿಳಿಯಾಗಿದೆ ಅಂದ ಮಾತ್ರಕ್ಕೆ ನೀರಿಲ್ಲ ಅಂತಲ್ಲ.

ಗ್ರೀಸ್ ಕೈ:
ಇಂಜಿನ್ ಆಯಿಲ್, ಪೆಟ್ರೋಲ್, ಡೀಸೆಲ್ ಇವುಗಳ ಒಂದು ಹನಿಯೂ ಒಳಗೆ ಹೋಗಬಾರದು ಅನ್ನುವುದನ್ನೂ ಸೇರಿಸಿ. ಸೀಲ್ ರಬ್ಬರ್ ಊದಿಕೊಂಡು ಬ್ರೇಕ್ ಜಾಮ್ ಆಗುತ್ತದೆ, ಆಮೇಲೆ ಎಲ್ಲ ರಬ್ಬರೂ ಬದಲಾಯಿಸಬೇಕು. ಆಯಿಲ್ ಹಾಕಿದ್ದ ಫನೆಲ್ ಇಲ್ಲಿಗೆ ತರಬೇಡಿ.

ಎರಡುಗಾಲಿ:
ಎಲ್ಲರಿಗೂ ಥ್ಯಾಂಕ್ಸ್. ಸೈಡ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಬೆರಳ ತುದಿಯಿಂದ ಅಲ್ಲಾಡಿಸಿದೆ. ಮೊದಲು ಏನೂ ಕಾಣಲಿಲ್ಲ. ಹೋಸ್ ತಟ್ಟುತ್ತಾ ಹೋದ ಮೇಲೆ ಡಬ್ಬಿಯ ತಳದಿಂದ ಗುಳ್ಳೆಯ ಸಾಲೇ ಬಂತು. ಲಿವರ್ ಅರ್ಧ ಗಟ್ಟಿಯಾಯಿತು. ಆಮೇಲೆ ಬ್ಯಾಂಜೊ ಸಡಿಲಿಸಿದೆ, ನೊರೆ ಉಗುಳಿತು. ಬಟ್ಟೆ ಸುತ್ತಿದ್ದು ಒಳ್ಳೆಯದಾಯಿತು. ಕೊನೆಗೆ ಕೆಳಗಿನ ನಿಪ್ಪಲ್‌ನಿಂದ ಮತ್ತೆ ಸ್ವಲ್ಪ ಬ್ಲೀಡ್ ಮಾಡಿದೆ. ಈಗ ಮೊದಲ ಒತ್ತಿಗೇ ಹಿಡಿಯುತ್ತದೆ. ಪೂರ್ತಿ ಗಟ್ಟಿ ಅಂತ ಹೇಳಲಾರೆ, ಜೋರಾಗಿ ಹಿಂಡಿದರೆ ಇನ್ನೂ ಒಂಚೂರು ಸ್ಪಂಜಿನ ಹಾಗೆ ಅನ್ನಿಸುತ್ತದೆ. ಇದೂ ಏರೇನಾ?

ಸ್ಪ್ಯಾನರ್ ಪ್ರಿಯ:
ಇರಬಹುದು, ಇಲ್ಲದೆಯೂ ಇರಬಹುದು. ಇಲ್ಲಿಂದ ಮುಂದೆ ಎಲ್ಲ ಮೆತ್ತನೆಗೂ ಏರ್ ಅನ್ನುವುದನ್ನು ಬಿಡಬೇಕು. ಪ್ಯಾಡ್ ಹೊಸದಾ? ಹೊಸ ಪ್ಯಾಡ್ ಡಿಸ್ಕಿಗೆ ಪೂರ್ತಿ ಕೂರುವ ತನಕ ಲಿವರ್ ಸ್ವಲ್ಪ ಮೆತ್ತಗಿರುತ್ತದೆ. ಕ್ಯಾಲಿಪರ್ ಜಾರುವ ಪಿನ್‌ಗಳು ಒಣಗಿವೆಯಾ? ಜಾರದ ಕ್ಯಾಲಿಪರ್ ಒಂದು ಕಡೆಯಿಂದ ಮಾತ್ರ ಒತ್ತಿ ಡಿಸ್ಕನ್ನೇ ಬಗ್ಗಿಸುತ್ತದೆ, ಕೈಗೆ ಅದೂ ಸ್ಪಂಜಿನ ಹಾಗೇ ಗೊತ್ತಾಗುವುದು. ಪ್ಯಾಡ್ ಓರೆಯಾಗಿ ಸವೆದಿದ್ದರೂ ಹಾಗೇ. ಹಳೆಯ ರಬ್ಬರ್ ಹೋಸ್ ಆದರೆ ಒತ್ತಿದಾಗ ಊದಿಕೊಳ್ಳುತ್ತದೆ, ಇನ್ನೊಬ್ಬರಿಗೆ ಲಿವರ್ ಹಿಂಡಲು ಹೇಳಿ ಕೈಯಲ್ಲಿ ಹೋಸ್ ಹಿಡಿದರೆ ಗೊತ್ತಾಗುತ್ತದೆ. ನಿಮ್ಮದು ಹೊಸದು, ಅದನ್ನು ಬಿಡಿ. ಓಡಿಸಿ ಗುಂಡಿ ಹಾರಿದ ಮೇಲೆ ಮಾತ್ರ ಮೊದಲ ಒತ್ತು ಖಾಲಿ ಹೋದರೆ ಡಿಸ್ಕ್ ಸೊಟ್ಟ ಅಥವಾ ವೀಲ್ ಬೇರಿಂಗ್ ಸಡಿಲ, ಪ್ಯಾಡ್‌ಗಳನ್ನು ಹಿಂದಕ್ಕೆ ತಳ್ಳುತ್ತಿರುತ್ತದೆ. ಅದಕ್ಕೆ ಎಷ್ಟು ಬ್ಲೀಡ್ ಮಾಡಿದರೂ ಪ್ರಯೋಜನವಿಲ್ಲ.

ಎರಡುಗಾಲಿ:
ಪ್ಯಾಡ್ ಹಳೆಯದೇ. ಪಿನ್ ನೋಡಿದೆ, ಒಂದು ಒಣಗಿ ಅರ್ಧ ಹಿಡಿದುಕೊಂಡಿತ್ತು. ಒರೆಸಿ ಅದಕ್ಕೆಂದೇ ಇರುವ ಗ್ರೀಸ್ ಹಚ್ಚಿದೆ. ರಾತ್ರಿ ಲಿವರ್ ಕಟ್ಟಿಟ್ಟೆ, ಹಳೇಗಾಡಿ ಅವರ ಮಾತಿಗೂ ಬೆಲೆ ಕೊಡಬೇಕಲ್ಲ. ಬೆಳಗ್ಗೆ ವಾಷರ್ ಸುತ್ತ ಟಿಶ್ಯೂ ಒತ್ತಿ ನೋಡಿದೆ, ಒಣಗಿದೆ. ಲಿವರ್ ಈಗ ಗಟ್ಟಿ. ಪಿನ್ ಕಾರಣವೋ ಕಟ್ಟಿದ್ದು ಕಾರಣವೋ ಗೊತ್ತಿಲ್ಲ.

ಹಳೇಗಾಡಿ:
ಕಟ್ಟಿದ್ದೇ.

ಡಿಸ್ಕ್ ಪ್ಲೇಟ್:
ಪಿನ್.

ಮಳೆ ಸವಾರ:
ರಸ್ತೆಗೆ ಇಳಿಸುವ ಮೊದಲು: ಡಬ್ಬಿಯ ಒಳಗಿನ ರಬ್ಬರ್ ಡಯಾಫ್ರಂ ಹಿಗ್ಗಿ ಕೆಳಗೆ ಜೋತಿದ್ದರೆ ಮಡಚಿ ಒಳಗೆ ಸೇರಿಸಿ ಕೂರಿಸಿ. ಮಟ್ಟ ಮೇಲಿನ ಗೆರೆ ಮೀರುವುದು ಬೇಡ. ಪ್ಯಾಡ್ ಸವೆದಾಗ ಮಟ್ಟ ಇಳಿಯುವುದು ಸಹಜ. ಸವೆದ ಪ್ಯಾಡ್ ಇಟ್ಟುಕೊಂಡು ಮೇಲಿನ ತನಕ ತುಂಬಿದರೆ ಮುಂದೆ ಹೊಸ ಪ್ಯಾಡ್ ಹಾಕಲು ಪಿಸ್ಟನ್ ತಳ್ಳಿದಾಗ ಉಕ್ಕುತ್ತದೆ. ಬಿದ್ದ ಹನಿಗಳನ್ನು ಒರೆಸಿದರೆ ಸಾಲದು, ನೀರು ಸುರಿದು ತೊಳೆಯಿರಿ, ಇಲ್ಲದಿದ್ದರೆ ಪೇಂಟ್ ಎದ್ದು ಬರುತ್ತದೆ. ಡಿಸ್ಕ್ ಮೇಲೆ ಬಿದ್ದಿದ್ದರೆ ಬ್ರೇಕ್ ಕ್ಲೀನರ್. ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ, ಬ್ರೇಕ್ ಹಿಡಿದು ಬಿಟ್ಟ ಮೇಲೆ ಸರಾಗ ತಿರುಗುತ್ತದೆಯಾ ನೋಡಿ. ಆಮೇಲೆ ಖಾಲಿ ಜಾಗದಲ್ಲಿ ನಡೆಯುವ ವೇಗದಲ್ಲಿ ಬ್ರೇಕ್ ಹಿಡಿದು ನೋಡಿ. ಗೇಟಿನಿಂದ ನೇರ ಟ್ರಾಫಿಕ್‌ಗೆ ಬೇಡ.

ಕಿಕ್ಕರ್:
ಇದೇ ಜಾಗದಲ್ಲಿ ನನ್ನದೂ ಕೇಳುತ್ತೇನೆ. ನನ್ನದು ಹಿಂದಿನ ಬ್ರೇಕ್. ಕ್ಯಾಲಿಪರ್ ಕೂತಿರುವ ರೀತಿಯಲ್ಲಿ ನಿಪ್ಪಲ್ ಮೇಲಿಲ್ಲ, ಪಕ್ಕಕ್ಕೆ ಓರೆಯಾಗಿದೆ. ಪೆಡಲ್ ಮೆತ್ತಗೆ. ಜೊತೆಗೆ ಎಬಿಎಸ್ ಬೇರೆ ಇದೆ.

ಸ್ಪ್ಯಾನರ್ ಪ್ರಿಯ:
ನಿಪ್ಪಲ್‌ಗಿಂತ ಮೇಲಿರುವ ಗಾಳಿ ಆ ನಿಪ್ಪಲ್‌ನಿಂದ ಬರುವುದಿಲ್ಲ. ಕ್ಯಾಲಿಪರ್ ಬಿಚ್ಚಿ, ಹೋಸ್ ಹಾಗೇ ಇರಲಿ, ನಿಪ್ಪಲ್ ಎಲ್ಲಕ್ಕಿಂತ ಎತ್ತರದಲ್ಲಿರುವ ಹಾಗೆ ಹಿಡಿದು ಬ್ಲೀಡ್ ಮಾಡಿ. ಡಿಸ್ಕ್ ದಪ್ಪದ ಮರದ ತುಂಡನ್ನು ಪ್ಯಾಡ್‌ಗಳ ನಡುವೆ ಖಂಡಿತ ಇಡಿ. ಇಡದೆ ಪೆಡಲ್ ಒತ್ತಿದರೆ ಪಿಸ್ಟನ್ ಹೊರಗೆ ಬಂದು ಬೀಳುತ್ತದೆ. ಎರಡು ಮುಂದಿನ ಡಿಸ್ಕ್ ಇರುವವರು ಯಾವ ಕಡೆ ಮೊದಲು ಅನ್ನುವುದನ್ನು ಮ್ಯಾನುಯಲ್ ನೋಡಿ ಮಾಡಿ.

ಎಬಿಎಸ್‌ಗೆ ಹೆದರಬೇಕಾಗಿಲ್ಲ. ಸುಮ್ನೆ ಫ್ಲೂಯಿಡ್ ಬದಲಾಯಿಸುವಾಗ ಡಬ್ಬಿ ಖಾಲಿಯಾಗಲು ಬಿಡದಿದ್ದರೆ ಹೆಚ್ಚಿನ ಗಾಡಿಗಳಲ್ಲಿ ಮಾಮೂಲಿ ಬ್ಲೀಡಿಂಗೇ ಸಾಕು. ಡಬ್ಬಿ ಖಾಲಿಯಾಗಿ ಗಾಳಿ ಎಬಿಎಸ್ ಯೂನಿಟ್ ಒಳಗೆ ಹೋದರೆ ಕಷ್ಟ. ಒಳಗಿನ ವಾಲ್ವ್‌ಗಳು ಮುಚ್ಚಿರುವ ಕಡೆ ಗಾಳಿ ಉಳಿಯುತ್ತದೆ, ಕೈಯಿಂದ ಪಂಪ್ ಮಾಡಿದರೆ ಬರುವುದಿಲ್ಲ. ಡಯಾಗ್ನಾಸ್ಟಿಕ್ ಟೂಲ್ ಹಾಕಿ ಯೂನಿಟ್‌ನ ಪಂಪ್ ಓಡಿಸಬೇಕು. ಆಗ ಮನೆಯಲ್ಲಿ ಹಠ ಮಾಡದೆ ಟೂಲ್ ಇರುವವರ ಹತ್ತಿರ ಹೋಗಿ.

ಕಿಕ್ಕರ್:
ನಿಪ್ಪಲ್ ತುಕ್ಕು ಹಿಡಿದು ಅಲ್ಲಾಡುತ್ತಿಲ್ಲ. ಓಪನ್ ಸ್ಪ್ಯಾನರ್‌ನಿಂದ ತಿರುಗಿಸಿದರೆ ಮೂಲೆ ಸವೆಯುತ್ತಿದೆ.

ಗ್ರೀಸ್ ಕೈ:
ನಿಲ್ಲಿಸಿ! ಆರೂ ಕಡೆ ಹಿಡಿಯುವ ರಿಂಗ್ ಸ್ಪ್ಯಾನರ್ ಅಥವಾ ಸಾಕೆಟ್ ತೆಗೆದುಕೊಳ್ಳಿ, ಹೆಚ್ಚಾಗಿ 8 ಮಿ.ಮೀ. ಇರುತ್ತದೆ, ಕೆಲವದರಲ್ಲಿ 10. ತುಕ್ಕು ಬಿಡಿಸುವ ಸ್ಪ್ರೇ ಥ್ರೆಡ್ ಬುಡಕ್ಕೆ ಹಾಕಿ ಒಂದು ರಾತ್ರಿ ಬಿಡಿ, ಅದು ಪ್ಯಾಡ್‌ಗೂ ಡಿಸ್ಕ್‌ಗೂ ತಾಗದ ಹಾಗೆ ಮುಚ್ಚಿಕೊಂಡು. ಮರುದಿನ ಸಣ್ಣ ಸುತ್ತಿಗೆಯಿಂದ ನಿಪ್ಪಲ್ ತಲೆಗೆ ಮೆಲ್ಲಗೆ ತಟ್ಟಿ, ಮೊದಲು ಬಿಗಿ ಮಾಡುವ ಕಡೆಗೆ ಒಂದು ಕೂದಲೆಳೆ, ಆಮೇಲೆ ಬಿಚ್ಚುವ ಕಡೆಗೆ. ಒಳಗೆ ಟೊಳ್ಳು ಇರುವ ತುಂಡು ಅದು, ಜೋರು ಮಾಡಿದರೆ ಕತ್ತರಿಸಿ ಅರ್ಧ ಕ್ಯಾಲಿಪರ್‌ನಲ್ಲೇ ಉಳಿಯುತ್ತದೆ. ವಾಪಸ್ ಹಾಕುವಾಗಲೂ ಅಷ್ಟೇ, 5ರಿಂದ 8 ನ್ಯೂಟನ್ ಮೀಟರ್ ಆಸುಪಾಸು ಸಾಕು. ಗಿಡ್ಡ ಸ್ಪ್ಯಾನರ್, ಎರಡು ಬೆರಳಿನ ಬಲ. ಮೇಲೆ ರಬ್ಬರ್ ಕ್ಯಾಪ್ ಹಾಕಿ, ಅದು ಇಲ್ಲದ್ದಕ್ಕೇ ನೀರು ಒಳಗೆ ನಿಂತು ತುಕ್ಕು ಹಿಡಿಯುವುದು.

ಚೈನ್ ಲೂಬ್:
ಡಬ್ಬಿ ಮುಚ್ಚಳದ ಸ್ಕ್ರೂ ಕೂಡ ಹಾಗೇ. ತಲೆ ಸವೆದು ಹೋಗುತ್ತದೆ.

ಡಿಸ್ಕ್ ಪ್ಲೇಟ್:
ಜಪಾನಿ ಗಾಡಿ ಆದರೆ ಅದು ಮಾಮೂಲಿ ಫಿಲಿಪ್ಸ್ ಅಲ್ಲ, ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಅಳತೆ. ಫಿಲಿಪ್ಸ್ ಬಿಟ್ ಅದರಲ್ಲಿ ಪೂರ್ತಿ ಕೂರದೆ ಜಾರುತ್ತದೆ. ಜೆಐಎಸ್ ಸ್ಕ್ರೂಡ್ರೈವರ್ ಒತ್ತಿ ಹಿಡಿದು, ಹಿಡಿಯ ಮೇಲೆ ಒಂದು ತಟ್ಟು ಕೊಟ್ಟು ತಿರುಗಿಸಿ.

ಎರಡುಗಾಲಿ:
ಕೊನೆಯ ಪ್ರಶ್ನೆ. ಎರಡನೇ ಬಾಟಲಿಯಲ್ಲಿ ಅರ್ಧ ಉಳಿದಿದೆ, ಮುಂದಿನ ಸಲಕ್ಕೆ ಇಡಬಹುದಾ? ತೆಗೆದ ಹಳೆಯದನ್ನು ಏನು ಮಾಡಲಿ?

ಮಳೆ ಸವಾರ:
ಮುಂದಿನ ಸಲ ಅಂದರೆ 2 ವರ್ಷ ಆದ ಮೇಲಾದರೆ ಬೇಡ. ತೆರೆದ ಬಾಟಲಿ ಒಳಗಿನ ಗಾಳಿಯ ತೇವವನ್ನೂ ಹೀರುತ್ತದೆ. ಕೆಲವು ವಾರದಲ್ಲಿ ಕಿಕ್ಕರ್ ತರಹ ಹಿಂದಿನ ಬ್ರೇಕ್ ಮಾಡುವುದಿದ್ದರೆ ಬಿಗಿಯಾಗಿ ಮುಚ್ಚಿ, ತೆರೆದ ದಿನಾಂಕ ಬರೆದಿಡಿ. ಪೈಪಿನಿಂದ ಬಂದದ್ದನ್ನು, ಎಷ್ಟೇ ತಿಳಿಯಾಗಿ ಕಂಡರೂ, ಮತ್ತೆ ಹಾಕಬೇಡಿ. ಚರಂಡಿಗೂ ಮಣ್ಣಿಗೂ ಸುರಿಯಬೇಡಿ. ಹಳೆಯ ಇಂಜಿನ್ ಆಯಿಲ್ ಡಬ್ಬಿಗೂ ಬೆರೆಸಬೇಡಿ, ಬೆರೆಸಿದರೆ ಆಯಿಲನ್ನೂ ಮರುಬಳಕೆಗೆ ತೆಗೆದುಕೊಳ್ಳುವುದಿಲ್ಲ. ಬೇರೆ ಬಾಟಲಿಯಲ್ಲಿ ಹಾಕಿ, ಮೇಲೆ ಹೆಸರು ಬರೆದು, ಮಕ್ಕಳ ಕೈಗೆ ಸಿಗದ ಹಾಗೆ ಇಟ್ಟು, ಇಂಥ ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ.

ಎರಡುಗಾಲಿ:
ಸರಿ, ಹಿಂದಿನದನ್ನೂ ಈ ವಾರವೇ ಮಾಡಿ ಬಾಟಲಿ ಮುಗಿಸುತ್ತೇನೆ. ಅಲ್ಲಿಯೂ ನಿಪ್ಪಲ್ ತುಕ್ಕು ಹಿಡಿದಿದೆ, ಈಗಲೇ ಸ್ಪ್ರೇ ಹಾಕಿ ಬಂದೆ.